ಹವಾನಾದ ‘ಬಾರ್ಬಕೋಆ’ಗೆ ಅಟ್ಟ ಅಂದರೆ ಸಾಕಾ?

ಗೆಳೆಯರೇ,

ಕ್ಯೂಬಾದ ರಾಜಧಾನಿ ಹವಾನಾ ನೋಡಿಕೊಂಡು ಬಂದು, ಪ್ರವಾಸದ ಟಿಪ್ಪಣಿ ಬರೆಯುತ್ತಾ ಕೂತಿದ್ದೇನೆ. ಕೋಟೆ, ಚರ್ಚು, ಫಿರಂಗಿ ಇವುಗಳಿಗೆ ಪದ ಹುಡುಕುವ ಕಷ್ಟವೇ ಬರಲಿಲ್ಲ. ಪೆನ್ನು ನಿಂತದ್ದು ಮನೆಗಳ ಹತ್ತಿರ ಬಂದಾಗ.

ಹಳೇ ಹವಾನಾ ಈಗಿನ ಜಾಗದಲ್ಲಿ ನೆಲೆ ನಿಂತದ್ದು 1519ರಲ್ಲಿ. 1982ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪ್ಲಾಸಾ ವಿಯೆಹಾ ಚೌಕದ ಸುತ್ತ ಎಲ್ಲ ಸುಣ್ಣಬಣ್ಣ ಕಂಡು ಹೊಸ ಮದುಮಗಳ ಹಾಗಿದೆ. ಅಲ್ಲಿಂದ ನಾಲ್ಕು ಬೀದಿ ದಾಟಿದರೆ ಗಾರೆ ಉದುರಿದ ಗೋಡೆ, ಬಾಲ್ಕನಿ ತುಂಬ ಒಗೆದ ಬಟ್ಟೆ. ಒಂದು ರಾತ್ರಿ ಹಾಗೇ ನಡೆಯುತ್ತಿದ್ದಾಗ ಒಂದು ಕಿಟಕಿ ಕಣ್ಣಿಗೆ ಬಿತ್ತು. ಎರಡಾಳು ಎತ್ತರದ ಕಿಟಕಿ. ಅದರ ನಡುವೆ ಅಡ್ಡಕ್ಕೆ ಒಂದು ಹಲಗೆ. ಹಲಗೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಬೆಳಕು, ಕೆಳಗೆ ಬಲ್ಬಿನ ಹಳದಿ ಬೆಳಕು. ಮೇಲಿನ ಅರ್ಧದಲ್ಲಿ ಯಾರದೋ ಕಾಲು ಮಾತ್ರ ಕಾಣುತ್ತಿತ್ತು.

ಇದೇ ಬಾರ್ಬಕೋಆ. ಸಾಹುಕಾರರ ಹಳೇ ಬಂಗಲೆಗಳಲ್ಲಿ ಸೂರು ತುಂಬ ಎತ್ತರ. ಸಂಸಾರ ಬೆಳೆದಂತೆ ಜಾಗ ಸಾಲದೆ, ಕೋಣೆಯ ನಡುವೆ ಮರದ್ದೋ ಸಿಮೆಂಟಿನದೋ ಇನ್ನೊಂದು ನೆಲ ಹಾಕಿಕೊಂಡಿದ್ದಾರೆ. ಕಡಿದಾದ ಏಣಿ ಹತ್ತಿ ಮೇಲೆ ಹೋಗಿ ಮಲಗುತ್ತಾರೆ. ಹಳೇ ಗೋಡೆಗೆ ಈ ಭಾರ ಜಾಸ್ತಿಯಾಗಿ ಕಟ್ಟಡ ಕುಸಿಯುವುದೂ ಉಂಟು.

ನನ್ನ ಬರಹ ತಿದ್ದುವ ಗೆಳತಿ ಇದಕ್ಕೆ ‘ಮಧ್ಯಂತರ ಮಹಡಿ’ ಅಂತ ಬರೆದುಕೊಟ್ಟಳು. ಕೇಳಿದರೆ ಯಾವುದೋ ಸರ್ಕಾರಿ ಕಟ್ಟಡದ ನಕ್ಷೆ ಬಿಚ್ಚಿದ ಹಾಗಿದೆ, ಅಲ್ವಾ? ನಾನು ‘ಅಟ್ಟ’ ಅಂತಲೇ ಬರೆದಿದ್ದೆ.

ಬಾರ್ಬಕೋಆ ಅನ್ನುವುದು ಮೂಲದಲ್ಲಿ ಸ್ಪ್ಯಾನಿಷ್ ಪದ ಅಲ್ಲ. ಆ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರದ್ದು. ಕಂಬ ನೆಟ್ಟು ಕಡ್ಡಿ ಹೆಣೆದ ಎತ್ತರದ ಚೌಕಟ್ಟಿಗೆ ಆ ಹೆಸರಿತ್ತು. ಅದರ ಮೇಲೆ ಮಲಗಬಹುದು, ಕೆಳಗೆ ಬೆಂಕಿ ಹಾಕಿ ಮಾಂಸ ಸುಡಬಹುದು. ಬೆಂಕಿಯ ಕಡೆಗೆ ಹೋದ ಅರ್ಥ ‘ಬಾರ್ಬೆಕ್ಯೂ’ ಆಯಿತು. ಹಲಗೆಯ ಕಡೆಯದು ಹವಾನಾದ ಮನೆಗಳಲ್ಲಿ ಉಳಿದುಕೊಂಡಿತು.

ಈಗ ನಮ್ಮ ಪದ ನೋಡಿ. ಮನೆಯೊಳಗೆ ಅಟ್ಟ. ಹೊಲದಲ್ಲಿ ಹಂದಿ ಕಾಯಲು ಅಟ್ಟಣೆ. ಮಲೆನಾಡಿನಲ್ಲಿ ಒಲೆಯ ನೇರಕ್ಕೆ, ಹೊಗೆ ತಾಗುವ ಹಾಗೆ ಸಾಮಾನು ಇಡುವ ಅಟ್ಟ. ಇನ್ನು ‘ಅಡು’ ಕ್ರಿಯಾಪದದಿಂದ ಬಂದ ಅಟ್ಟ, ಅಂದರೆ ಬೇಯಿಸಿದ. ‘ಅಟ್ಟ ಮೇಲೆ ಒಲೆ ಉರಿಯಿತು’ ಗಾದೆಯಲ್ಲಿ ಇರುವುದು ಅದೇ. ಬೇಯಿಸುವ ಅಟ್ಟಕ್ಕೂ ಹತ್ತುವ ಅಟ್ಟಕ್ಕೂ ನಂಟಿಲ್ಲ, ಗೊತ್ತು. ತೈನೋ ಪದಕ್ಕಂತೂ ಮೊದಲೇ ಇಲ್ಲ. ಸುಮ್ನೆ ಕಾಕತಾಳೀಯ. ಆದರೂ ಹಲಗೆ, ಅಡುಗೆ ಎರಡೂ ಅಲ್ಲೂ ಒಂದೇ ಪದದಲ್ಲಿ, ಇಲ್ಲೂ ಒಂದೇ ಪದದಲ್ಲಿ! ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟಾದರೂ ಒಂದು ಅನುಮಾನ. ನಮ್ಮ ಅಟ್ಟದ ಮೇಲೆ ಇರುವುದು ಕೊಪ್ಪರಿಗೆ, ಉಪ್ಪಿನಕಾಯಿ ಜಾಡಿ, ಮುರಿದ ತೊಟ್ಟಿಲು. ‘ಅಟ್ಟದ ಮೇಲೆ ಸಂಸಾರ ಮಾಡುತ್ತಾರೆ’ ಅಂದರೆ ಓದುವವರಿಗೆ ಮನೆ ಕಾಣುತ್ತದೋ, ಜಾಡಿಗಳ ನಡುವೆ ಕುಕ್ಕರುಗಾಲಲ್ಲಿ ಕೂತ ಜನ ಕಾಣುತ್ತಾರೋ?

ಉಳಿದವು ಚಿಕ್ಕವು. ಒಂದೇ ಬಂಗಲೆಯನ್ನು ಹತ್ತಾರು ಸಂಸಾರ ಹಂಚಿಕೊಂಡು, ನಡುವಿನ ಅಂಗಳವನ್ನು ಎಲ್ಲರೂ ಬಳಸುವುದಕ್ಕೆ ಅಲ್ಲಿ ‘ಸೊಲಾರ್’ ಅನ್ನುತ್ತಾರೆ. ‘ವಠಾರ’ ಅಂತ ಬರೆದೆ, ಗೆಳತಿಯೂ ತಕರಾರು ತೆಗೆಯಲಿಲ್ಲ. ‘ಮಲೆಕೋನ್’ ಅಂದರೆ 1901ರಲ್ಲಿ ಕಟ್ಟಲು ಶುರುಮಾಡಿದ, ಸುಮಾರು 8 ಕಿ.ಮೀ. ಉದ್ದದ ಕಡಲಂಚಿನ ಗೋಡೆ ಮತ್ತು ರಸ್ತೆ. ‘ತಡೆಗೋಡೆ’ ಅಂದರೆ ನನಗೆ ಉಳ್ಳಾಲದ ಬಂಡೆಗಳ ರಾಶಿ ನೆನಪಾಗುತ್ತದೆ. ಇಲ್ಲಿ ಸಂಜೆಯಾದರೆ ಊರೇ ಬಂದು ಗೋಡೆಯ ಮೇಲೆ ಕೂರುತ್ತದೆ. ಗಾಳ ಹಾಕುವವರು, ಗಿಟಾರ್ ಬಾರಿಸುವವರು, ಜಗಳ ಆಡಿಕೊಂಡು ಬೆನ್ನು ತಿರುಗಿಸಿ ಕೂತ ಪ್ರೇಮಿಗಳು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದರೆ ಅಲೆ ಗೋಡೆ ಹಾರಿ ರಸ್ತೆಗೇ ಬೀಳುತ್ತದೆ. ನೀರು ತಡೆಯುವುದೂ ಕಟ್ಟೆ, ಹರಟೆಗೆ ಕೂರುವುದೂ ಕಟ್ಟೆ. ಹಾಗಾಗಿ ‘ಕಡಲಕಟ್ಟೆ’. ಇದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಹಣ್ಣಿನ ವಿಷಯ ಒಂದು ಹೇಳಿಬಿಡುತ್ತೇನೆ. ಪಪ್ಪಾಯಿ ಅನ್ನುವ ಹೆಸರು ನಮಗೆ ಬಂದದ್ದೇ ಆ ಕಡಲ ಸೀಮೆಯಿಂದ. ಆದರೆ ಹವಾನಾದಲ್ಲಿ ಆ ಹೆಸರೆತ್ತಿ ಹಣ್ಣು ಕೇಳಬೇಡಿ. ಅಲ್ಲಿ ಅದು ಪೋಲಿ ಮಾತು. ‘ಫ್ರೂತಾ ಬೊಂಬಾ’ ಅನ್ನಬೇಕು. ನಾನು ಬೆಳಗಿನ ತಿಂಡಿಯ ಹೊತ್ತಿಗೆ ಕೇಳಿ, ಬಡಿಸುತ್ತಿದ್ದಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ಮೇಲೆ ಕಲಿತದ್ದು.

ನಿಜಕ್ಕೂ ಪದ ಸಿಗದೆ ಇರುವುದು ‘ಪೋರ್ತಾಲ್’ಗೆ. ರೇನಾ, ಮೊಂತೆ ಬೀದಿಗಳಲ್ಲಿ ಉದ್ದಕ್ಕೂ ಕಂಬದ ಸಾಲು. ಮೇಲೆ ಜನರ ಮನೆ, ಕೆಳಗೆ ಯಾರು ಬೇಕಾದರೂ ಬಿಸಿಲು ಮಳೆ ತಾಗದೆ ನಡೆಯಬಹುದಾದ ಹಾದಿ. ಪಡಸಾಲೆ ಮನೆಯೊಳಗಿನದು. ಜಗಲಿ ಕೂರುವುದಕ್ಕೆ, ನಡೆಯುವುದಕ್ಕಲ್ಲ. ಕೈಸಾಲೆ ಅಂದರೆ ದೇವಸ್ಥಾನದ ವಾಸನೆ. ಹಂಪಿ ಬಜಾರಿನ ಸಾಲುಮಂಟಪ ಹತ್ತಿರ ಬರುತ್ತದೆ, ಆದರೆ ಮೇಲೆ ಮನೆ ಇಲ್ಲ. ನಿಮ್ಮೂರ ಹಳೇ ಪೇಟೆ ಬೀದಿಯಲ್ಲಿ ಅಂಗಡಿ ಮುಂದಿನ ಕಂಬದ ಹಾದಿಗೆ ಹಿರಿಯರು ಏನನ್ನುತ್ತಿದ್ದರು? ಮತ್ತೆ ಸಾಗರ, ತೀರ್ಥಹಳ್ಳಿ ಕಡೆಯವರು ಒಲೆ ಮೇಲಿನ ಅಟ್ಟಕ್ಕೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ.