ಪಕ್ಕದ ಮನೆಯವರ ಭಾರೀ ಗಾಡಿ ಕುದುರೆಗಳು: ಪರಿಚಯ ಮಾಡ್ಕೊಳ್ಳೋದು ಹೇಗೆ?

ಬೇಲಿಪಕ್ಕದೋಳು:
ಎಲ್ರಿಗೂ ನಮಸ್ಕಾರ. ಕುದುರೆ ಸಾಕಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಪ್ಲೀಸ್. ನಮ್ಮ ಪಕ್ಕದ ಜಾಗಕ್ಕೆ ಹೊಸಬ್ರು ಬಂದಿದಾರೆ, ಜೊತೆಗೆ ಎರಡು ಕುದುರೆ. ಸವಾರಿ ಕುದುರೆ ಅಲ್ಲ, ನೇಗಿಲು, ಗಾಡಿ, ಮರದ ದಿಮ್ಮಿ ಎಳೆಯೋ ಜಾತಿ, ಪರ್ಶೆರಾನ್ ಅಂತೆ. ಒಂದು ಬೂದು, ಒಂದು ಕಪ್ಪು, ಎರಡೂ ಬೀಜ ಒಡೆಸಿರೋ ಗಂಡು. ಬೇಲಿ ಹತ್ರ ಬಂದು ನಿಂತ್ರೆ ಬೆನ್ನೇ ನನ್ನ ತಲೆಗಿಂತ ಮೇಲಿರುತ್ತೆ, ಇನ್ನು ಕತ್ತು ಎತ್ತಿದ್ರೆ ಕೇಳೋದೇ ಬೇಡ.

ಯಜಮಾನ್ರು ಒಳ್ಳೇವ್ರು, "ಯಾವಾಗ ಬೇಕಾದ್ರೂ ಬಂದು ಮಾತಾಡ್ಸಿ, ತುಂಬಾ ಪಾಪದವು" ಅಂದಿದಾರೆ. ಆದ್ರೆ ನಾನು ಹಸು ನಾಯಿ ಜೊತೆ ಬೆಳೆದೋಳು, ಕುದುರೆ ಅಂದ್ರೆ ಏನೂ ಗೊತ್ತಿಲ್ಲ. ಬೂದು ಕುದುರೆ ತಾನೇ ಬಂದು ನನ್ನ ಮುಖಕ್ಕೆ ಫೂ ಅಂತ ಉಸಿರು ಬಿಡುತ್ತೆ, ಕಪ್ಪಂದು ದೂರದಲ್ಲೇ ಕಿವಿ ಹಿಂದಕ್ಕೆ ತಿರುಗಿಸ್ಕೊಂಡು ನಿಂತಿರುತ್ತೆ, ಅದಕ್ಕೆ ಕೋಪಾನಾ? ಕ್ಯಾರೆಟ್ ಕೊಟ್ಟು ಫ್ರೆಂಡ್ ಮಾಡ್ಕೊಳ್ಳೋಣ ಅಂತ ಆಸೆ, ಕೊಡಬಹುದಾ? ಮತ್ತೆ ಬೆಳಿಗ್ಗೆ ನೋಡಿದ್ರೆ ಒಂದು ಕುದುರೆ ನೆಲದ ಮೇಲೆ ಉದ್ದಕ್ಕೆ ಕಾಲು ಚಾಚಿ ಬಿದ್ದಿತ್ತು, ಸತ್ತೇ ಹೋಯ್ತೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು, ಆಮೇಲೆ ಎದ್ದು ಮೈ ಕೊಡವಿಕೊಂಡು ಮೇಯೋಕೆ ಹೋಯ್ತು. ಮಗನೂ ಮುಟ್ಬೇಕು ಅಂತ ಹಠ ಮಾಡ್ತಿದಾನೆ, ಇನ್ನೂ ಚಿಕ್ಕವನು.

ಜೋಡಿ_ಗಾಡಿ:
ಮೇಡಂ, ಯಾವಾಗ ಬೇಕಾದ್ರೂ ಬನ್ನಿ ಅಂತ ಅವ್ರು ಅಂದಿದ್ರೂ ಶುರುವಿನಲ್ಲಿ ಅವರು ಇರೋವಾಗ್ಲೇ ಹೋಗಿ. ಅವಕ್ಕೆ ಯಾವ ಯಾವ ಮಾತು ಕಲಿಸಿದಾರೆ ಅಂತ ಮೊದ್ಲು ಕೇಳಿ ತಿಳ್ಕೊಳ್ಳಿ, ಇದು ಬಹಳ ಜನಕ್ಕೆ ಹೊಳೆಯಲ್ಲ. ಸವಾರಿ ಕುದುರೆಗೆ ಸವಾರನ ಕಾಲು, ಮೈಭಾರ ಎಲ್ಲ ಗೊತ್ತಾಗುತ್ತೆ, ಎಳೆಯೋ ಕುದುರೆಗೆ ಹಿಂದೆ ಇರೋ ಮನುಷ್ಯ ಕಾಣೋದೂ ಇಲ್ಲ, ಲಗಾಮು ಮತ್ತು ಬಾಯಿ ಮಾತು ಇವೆರಡೇ ಗತಿ, ಹಾಗಾಗಿ ಶಬ್ದಕ್ಕೆ ಕಿವಿ ಚುರುಕು. ನಾವು ನಾಯಿ ಬೆಕ್ಕು ಕರೆಯೋವಾಗ ನಾಲಿಗೇಲಿ ಚಿಕ್ ಚಿಕ್ ಅಂತೀವಲ್ಲ, ಎಷ್ಟೋ ಗಾಡಿ ಕುದುರೆಗಳಿಗೆ ಅದೇ ಹೊರಡು ಅನ್ನೋ ಆರ್ಡರ್. ಗಾಡಿ ಕಟ್ಟಿ ನಿಲ್ಲಿಸಿರೋವಾಗ ನೀವು ಪ್ರೀತಿಯಿಂದ ಚಿಕ್ ಚಿಕ್ ಅಂದ್ರೆ ಎರಡೂ ಹೆಗಲು ಕೊಟ್ಟು ಹೊರಟ್ಬಿಡ್ತಾವೆ, ಯಜಮಾನ್ರು ಚಕ್ರದ ಪಕ್ಕ ಬಗ್ಗಿ ಏನೋ ಕಟ್ತಾ ಇದ್ರೆ ಕಥೆ ಮುಗೀತು. ಕೆಲಸದಲ್ಲಿ ಇರೋವಾಗ ಮಾತಾಡ್ಸೋದೇ ಬೇಡ, ದೂರದಿಂದ ನೋಡಿ ಸಾಕು.

ಹತ್ರ ಹೋಗೋದು ಹೇಗೆ ಅಂದ್ರೆ, ಕುದುರೆ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರೋದ್ರಿಂದ ಹೆಚ್ಚುಕಮ್ಮಿ ಸುತ್ತ ಎಲ್ಲಾ ಕಾಣುತ್ತೆ, ಆದ್ರೆ ಹಣೆ ನೇರಕ್ಕೆ ಮೂಗಿನ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ ಕಾಣಲ್ಲ. ಅದಕ್ಕೇ ನೇರ ಮುಖಕ್ಕೆ ಕೈ ಚಾಚೋದೂ ತಪ್ಪು, ಹಿಂದಿನಿಂದ ಹೋಗೋದಂತೂ ಮಹಾ ತಪ್ಪು. ಪಕ್ಕದಿಂದ, ಹೆಗಲಿನ ಕಡೆಗೆ, ಏನಾದ್ರೂ ಮಾತಾಡ್ತಾ ನಿಧಾನಕ್ಕೆ ಹೋಗಿ. ಸಾಮಾನ್ಯವಾಗಿ ಎಡಗಡೆಯಿಂದ ಅಭ್ಯಾಸ ಮಾಡಿಸಿರ್ತಾರೆ. ಎರಡು ಹೆಜ್ಜೆ ದೂರದಲ್ಲೇ ನಿಂತು ಕೈ ಹಿಂಭಾಗ ತೋರಿಸಿ, ಮೂಸ್ಬೇಕು ಅಂದ್ರೆ ಅದೇ ಬರುತ್ತೆ. ಬೂದು ನಿಮ್ಮ ಮುಖಕ್ಕೆ ಉಸಿರು ಬಿಡೋದು ಅದೇ, ನೀವು ಯಾರು ಅಂತ ವಿಚಾರಿಸ್ಕೊಳ್ತಿದೆ. ನೀವೂ ಸುಮ್ನೆ ನಿಂತು ಉಸಿರಾಡ್ತಾ ಇರಿ, ಮುಖ ಮಾತ್ರ ಒಂಚೂರು ದೂರ ಇರ್ಲಿ, ತಲೆ ಒಂದ್ಸಲ ಮೇಲಕ್ಕೆ ಎತ್ತಿದ್ರೂ ನಿಮ್ಮ ಹಲ್ಲು ಹೋಗುತ್ತೆ.

ಮುಟ್ಟೋಕೆ ಬಿಟ್ರೆ ಮೂಗು ತಟ್ಟಬೇಡಿ, ಸಿನಿಮಾದಲ್ಲಿ ತೋರಿಸೋ ಹಾಗೆ ಕತ್ತಿಗೆ ಪಟಪಟ ಬಡಿಯೋದೂ ಬೇಡ. ಜೂಲು ಮುಗಿಯೋ ಕಡೆ, ಕತ್ತು ಬೆನ್ನು ಸೇರೋ ಜಾಗದಲ್ಲಿ ಒಂದು ಉಬ್ಬು ಇರುತ್ತಲ್ಲ, ಅಲ್ಲಿ ಬೆರಳಿಂದ ಚೆನ್ನಾಗಿ ಕೆರೀರಿ. ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರೆದುಕೊಳ್ಳೋದು ಅಲ್ಲೇ, ಅಲ್ಲಿ ಕೆರೆದ್ರೆ ಎದೆಬಡಿತ ಇಳಿಯುತ್ತೆ ಅಂತ ಅಳೆದು ನೋಡಿದಾರೆ, 1993ರಲ್ಲೇ ಸಂಶೋಧನಾ ಲೇಖನ ಬಂದಿದೆ. ಸರಿಯಾದ ಜಾಗ ಸಿಕ್ತು ಅಂತ ನಿಮಗೇ ಗೊತ್ತಾಗುತ್ತೆ, ಕತ್ತು ಉದ್ದ ಆಗುತ್ತೆ, ಕಣ್ಣು ಅರ್ಧ ಮುಚ್ಚುತ್ತೆ, ಮೇಲ್ದುಟಿ ಮುಂದಕ್ಕೆ ಚಾಚಿ ಆ ಕಡೆ ಈ ಕಡೆ ಆಡಿಸ್ತಾ ಇರುತ್ತೆ. ಆಗ ಹುಷಾರು, ಋಣ ತೀರಿಸೋಕೆ ನಿಮ್ಮ ಹೆಗಲನ್ನೂ ಹಲ್ಲಲ್ಲಿ ಕೆರೆಯೋಕೆ ಬರುತ್ತೆ :)

ಕಪ್ಪು ಕುದುರೆ ಕಿವಿ ಬರೀ ಹಿಂದಕ್ಕೆ ತಿರುಗಿದ್ರೆ ಕೋಪ ಅಂತಲ್ಲ, ಹಿಂದೆ ಏನೋ ಕೇಳಿಸ್ಕೊಳ್ತಿರಬಹುದು ಇಲ್ಲಾ ತೂಕಡಿಸ್ತಿರಬಹುದು. ಕಿವಿ ತಲೆಗೆ ಅಂಟಿದ ಹಾಗೆ ಮಲಗಿಸಿ, ಮೂಗಿನ ಹೊಳ್ಳೆ ಸುಕ್ಕು ಮಾಡಿ, ಹಿಂಭಾಗ ನಿಮ್ಮ ಕಡೆ ತಿರುಗಿಸೋಕೆ ಶುರು ಮಾಡಿದ್ರೆ ಅದು ವಾರ್ನಿಂಗ್, ದೂರ ಹೋಗಿ. ಅದರ ಹಿಂದೆ ಬಿದ್ದು ಪರಿಚಯ ಮಾಡ್ಕೊಳ್ಳೋಕೆ ಹೋಗ್ಬೇಡಿ, ಬೂದನ್ನ ಮಾತಾಡಿಸ್ತಾ ಇರಿ, ಕಪ್ಪು ನೋಡ್ತಾ ಇರುತ್ತೆ. ಮಗ ಸದ್ಯಕ್ಕೆ ಬೇಲಿ ಈಚೆ, ನಿಮ್ಮ ಕೈ ಹಿಡ್ಕೊಂಡು. ಓಡೋದು ಕಿರುಚೋದು ಬೇಡ.

ಲಾಳ_ಕಟ್ಟೋನು:
ಮೇಲಿನವರು ಹೇಳಿದ್ದೆಲ್ಲಾ ಸರಿ, ಆದ್ರೆ ಈ "ಪಾಪದವು" ಅನ್ನೋ ಮಾತಿಗೆ ನನ್ನ ತಕರಾರಿದೆ. ಪಾಪದವೇ, ಒಪ್ದೆ, ಈ ಜಾತಿಗಳನ್ನ ತಲೆಮಾರುಗಟ್ಲೆ ಸಮಾಧಾನದ ಸ್ವಭಾವ ನೋಡಿನೇ ಆರಿಸಿ ಬೆಳೆಸಿರೋದು. ಆದ್ರೆ ಕಾಲ್ಬೆರಳು ಮುರಿಯೋಕೆ ಕೆಟ್ಟ ಬುದ್ಧಿ ಬೇಕಾಗಿಲ್ಲ ಸ್ವಾಮಿ, ಮರೆವು ಸಾಕು. ಇಂಥ ಕುದುರೆ 800-900 ಕೇಜಿ ಇರುತ್ತೆ, ಅದರಲ್ಲಿ ಸುಮಾರು 60 ಪರ್ಸೆಂಟ್ ಭಾರ ಮುಂಗಾಲುಗಳ ಮೇಲೆ, ಅಂದ್ರೆ ಸುಮ್ನೆ ನಿಂತಿದ್ರೂ ಒಂದು ಮುಂಗಾಲಿಗೆ 250 ಕೇಜಿ ಆಸುಪಾಸು. ನೊಣ ಕೂತ್ಕೊಳ್ತು ಅಂತ ಕಾಲು ಎತ್ತಿ ಇಟ್ರೆ ಅಲ್ಲಿ ನಿಮ್ಮ ಪಾದ ಇದೆಯಾ ಅಂತ ಅದು ನೋಡಲ್ಲ. ಚಪ್ಪಲಿ ಹಾಕ್ಕೊಂಡು ಹೋಗ್ಲೇಬೇಡಿ, ಗಟ್ಟಿ ಬೂಟು. ತುಳಿದ್ರೆ ಕಾಲು ಎಳ್ಕೊಳ್ಳೋಕೆ ನೋಡ್ಬೇಡಿ, ಹೆಗಲಿಗೆ ಕೈ ಒತ್ತಿ ಆ ಕಡೆ ತಳ್ಳಿ, ಭಾರ ಆ ಕಾಲಿಗೆ ಹೋದ್ರೆ ಈ ಕಾಲು ತಾನೇ ಹಗುರ ಆಗುತ್ತೆ. ಗೋಡೆಗೂ ಕುದುರೆಗೂ ಮಧ್ಯೆ ನಿಲ್ಲಬೇಡಿ, ಎರಡು ಕುದುರೆ ಮಧ್ಯೆ ಅಂತೂ ಬೇಡವೇ ಬೇಡ. ಹಗ್ಗ ಹಿಡ್ಕೊಳ್ಳೋಕೆ ಕೊಟ್ರೆ ಕೈಗೆ ಸುತ್ಕೋಬೇಡಿ, ಮಡಚಿ ಹಿಡ್ಕೊಳ್ಳಿ.

ಇನ್ನೊಂದು, ಬೂದು ಕುದುರೆ ಹುಟ್ಟಿದಾಗ ಬೂದು ಇರಲ್ಲ, ಕಪ್ಪೋ ಕಂದೋ ಹುಟ್ಟಿ ವರ್ಷ ಕಳೆದ ಹಾಗೆ ಬೆಳ್ಳಗಾಗುತ್ತೆ. ಇಂಥವಕ್ಕೆ ವಯಸ್ಸಾದ ಮೇಲೆ ಬಾಲದ ಬುಡದಲ್ಲಿ ಕಪ್ಪು ಗಂಟು ಬರೋದು ಜಾಸ್ತಿ, ಒಂಥರಾ ಚರ್ಮದ ಗಡ್ಡೆ. ನಿಮಗೆ ಕಂಡ್ರೆ ಗಾಬರಿ ಬೇಡ, ಯಜಮಾನ್ರಿಗೆ ಒಂದು ಮಾತು ಹೇಳಿ, ಗೊತ್ತಿರುತ್ತೆ ಅವರಿಗೆ. ಪರ್ಶೆರಾನ್‌ಗೆ ಪಾದದ ಹತ್ರ ಕೂದಲು ಕಮ್ಮಿ, ಅದು ನಮ್ಮಂಥವರ ಪುಣ್ಯ. ಶೈರ್, ಕ್ಲೈಡ್ಸ್‌ಡೇಲ್ ಅನ್ನೋ ಬೇರೆ ಭಾರೀ ಜಾತಿಗಳ ಕಾಲು ಎತ್ತಿದ್ರೆ ಬರೀ ಕೂದಲು, ಅದರೊಳಗೆ ನುಸಿ ಸೇರಿ ಕಡಿತ ತಡೆಯಲಾರದೆ ಕಾಲು ಬಡೀತಾ ಇರ್ತಾವೆ, ನೋಡಿದವರು ಕೋಪ ಅನ್ಕೋತಾರೆ.

ಸುಮ್ನೆ_ಬಂದೆ:
ಕುದುರೆ ಕಂಡ್ರೆ ಕಾಲು ನೋವು ಅನ್ನೋ ಗಾದೆ ನಿಜ ಆಗ್ಬಾರ್ದು ಅಂದ್ರೆ ಬೂಟು ಹಾಕ್ಕೊಳ್ಳಿ ಅಂತಿದಾರೆ ಗುರುಗಳು 😂

ನಿಮ್ಮವು ಎಷ್ಟು ದೊಡ್ಡವು ಅಂತ ಹೆದರ್ಕೋಬೇಡಿ, ಸ್ಯಾಂಪ್ಸನ್ ಅಂತ ಒಂದು ಶೈರ್ ಕುದುರೆ ಇತ್ತು, 1846ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿದ್ದು, ಬೆನ್ನಿನ ಉಬ್ಬಿನವರೆಗೇ ಸುಮಾರು 2.19 ಮೀಟರ್, ತೂಕ 1500 ಕೇಜಿ ಮೇಲೆ. ಪರ್ಶೆರಾನ್ ಮೂಲ ಫ್ರಾನ್ಸಿನ ಪೆರ್ಶ್ ಅನ್ನೋ ಪ್ರದೇಶ, ಹೆಸರು ಬಂದಿದ್ದೂ ಅಲ್ಲಿಂದಾನೇ. ಮತ್ತೆ ಎರಡು ಕುದುರೆ ಅಂದ್ರೆ ಎರಡು ಎಚ್‌ಪಿ (ಅಶ್ವಶಕ್ತಿ) ಅನ್ಕೋಬೇಡಿ, ಜೇಮ್ಸ್ ವ್ಯಾಟ್ ಹಾಕಿದ ಲೆಕ್ಕ ದಿನವಿಡೀ ಎಳೆಯೋ ಕುದುರೆದು, ಅದು 746 ವ್ಯಾಟ್‌ಗೆ ಬರುತ್ತೆ, ಆದ್ರೆ ಕೆಲವು ಸೆಕೆಂಡ್ ದಮ್ಮು ಕಟ್ಟಿ ಎಳೆದ್ರೆ ಒಂದೇ ಕುದುರೆ ಅದರ ಹತ್ತು ಪಟ್ಟಿಗೂ ಮೇಲೆ ಹೋಗುತ್ತೆ.

ಬೇಲಿಪಕ್ಕದೋಳು:
ಎಲ್ರಿಗೂ ಥ್ಯಾಂಕ್ಸ್. ಯಜಮಾನ್ರು ಇದ್ದಾಗ ಹೋಗಿದ್ದೆ, ಬೂಟು ಹಾಕ್ಕೊಂಡೇ. ಚಿಕ್ ಚಿಕ್ ವಿಷಯ ಕೇಳಿದ್ರೆ ಅವರು ನಕ್ಬಿಟ್ರು, ಹೌದಂತೆ, ಅವಕ್ಕೂ ಅದೇ ಹೊರಡೋ ಸೂಚನೆ. ಬೂದಿಗೆ ಆ ಉಬ್ಬಿನ ಹತ್ರ ಕೆರೆದೆ, ತುಟಿ ಆಡ್ಸಿದ್ದು ನೋಡ್ಬೇಕಿತ್ತು! ಉಗುರು ತುಂಬಾ ಬಿಳಿ ಹೊಟ್ಟು, ಕೈಯೆಲ್ಲಾ ಜಿಡ್ಡು, ಎರಡು ಸಲ ಸೋಪು ಹಾಕಿದ್ರೂ ವಾಸನೆ ಹೋಗ್ಲಿಲ್ಲ, ನನಗೇನೋ ಇಷ್ಟ ಆಯ್ತು.

ಈಗ ಹೊಸ ಪ್ರಶ್ನೆ. ಅವರು ಬೂದನ್ನ ಮಾತ್ರ ಕೆಲಸಕ್ಕೆ ಕರ್ಕೊಂಡು ಹೋದ್ರು, ಕಪ್ಪು ಒಂದೇ ಉಳೀತು. ಅದು ಬೇಲಿ ಉದ್ದಕ್ಕೂ ಆಕಡೆ ಈಕಡೆ ಓಡ್ತಾ ಒಂದೇ ಸಮ ಕೆನೀತಾ ಇತ್ತು, ಮೈಯೆಲ್ಲಾ ಬೆವರು, ನೋಡೋಕೆ ಆಗ್ಲಿಲ್ಲ. ಇಂಥ ಹೊತ್ತಲ್ಲಿ ಒಳಗೆ ಹೋಗಿ ಸಮಾಧಾನ ಮಾಡಬಹುದಾ?

ಜೋಡಿ_ಗಾಡಿ:
ಬೇಡ. ಆ ಹೊತ್ತಿಗೆ ನೀವು ಅದರ ಕಣ್ಣಿಗೇ ಬೀಳಲ್ಲ ಮೇಡಂ, ಗೂಟ ಇದ್ದ ಹಾಗೆ, ಗುದ್ಕೊಂಡು ಹೋಗುತ್ತೆ. ವರ್ಷಗಟ್ಲೆ ಪಕ್ಕ ಪಕ್ಕ ಎಳೆದ ಜೋಡಿ ಅವು, ತಿನ್ನೋದು ನಿಲ್ಲೋದು ನಿದ್ದೆ ಎಲ್ಲಾ ಒಟ್ಟಿಗೆ, ಒಂದನ್ನ ಒಯ್ದ್ರೆ ಇನ್ನೊಂದು ಕೂಗೋದು ಮಾಮೂಲು. ಬೇಲಿ ಈಚೆಯಿಂದ ನೀವು ದಿನಾ ಮಾಡೋ ಕೆಲಸ ಮಾಡ್ಕೊಂಡು ಓಡಾಡ್ತಾ ಇರಿ, ಸುತ್ತ ಎಲ್ಲಾ ಎಂದಿನ ಹಾಗೇ ಇದೆ ಅನ್ನಿಸ್ಲಿ. ಬೆವರು ಬರೋ ಅಷ್ಟು ಓಡ್ತಿದೆ ಅಂತ ಯಜಮಾನ್ರಿಗೆ ಮಾತ್ರ ಹೇಳಿ, ಕೆಲವರು ಒಂಟಿ ಇರೋದನ್ನ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸ್ತಾರೆ.

ಅಂದಹಾಗೆ ಒಂದು ಕೇಳಿ ನೋಡಿ, ಗಾಡಿಗೆ ಕಟ್ಟೋವಾಗ ಕಪ್ಪು ಯಾವ ಕಡೆ ಅಂತ. ಜೋಡೀಲಿ ಒಂದೊಂದಕ್ಕೆ ಒಂದೊಂದು ಕಡೆ ಖಾಯಂ ಮಾಡಿರ್ತಾರೆ. ಅದು ಬಲಗಡೆದಾದ್ರೆ ಅದರ ಎಡಕ್ಕೆ ಯಾವಾಗ್ಲೂ ಬೂದು ಇರುತ್ತೆ, ಮನುಷ್ಯರು ಬಲದಿಂದ ಬರೋದೇ ಅದಕ್ಕೆ ಜಾಸ್ತಿ ರೂಢಿ ಇರಬಹುದು. ಎಡದಿಂದ ಹೋಗಿ ಅಂತ ನಾನು ಮೇಲೆ ಹೇಳಿದ್ದು ಕಪ್ಪಿಗೆ ಹೊಂದ್ಕೊಳ್ಳದೇ ಹೋಗಬಹುದು, ಅವರನ್ನೇ ಕೇಳಿ.

ಹುಲ್ಲುಗಾವಲು:
ನಾನು ಪಶುವೈದ್ಯೆ, ಕ್ಯಾರೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ. ಕೇಳದೆ ಏನೂ ಕೊಡಬೇಡಿ. ಭಾರೀ ಕುದುರೆಗಳಲ್ಲಿ, ಅದರಲ್ಲೂ ಪರ್ಶೆರಾನ್ ಮತ್ತು ಬೆಲ್ಜಿಯನ್‌ಗಳಲ್ಲಿ, ಸಕ್ಕರೆ ಪಿಷ್ಟ ಜಾಸ್ತಿ ಆದ್ರೆ ಸ್ನಾಯು ಬಿಗಿದು ನಡೆಯೋಕೇ ಆಗದೆ ಇರೋ ಒಂದು ವಂಶದ ಕಾಯಿಲೆ ಸಾಕಷ್ಟಿದೆ. ಹೊರಗಿನಿಂದ ನೋಡಿದ್ರೆ ಗೊತ್ತಾಗಲ್ಲ. ಬ್ರೆಡ್ಡು, ಧಾನ್ಯ, ಬೆಲ್ಲ ಎಲ್ಲಾ ಅಂಥದ್ದಕ್ಕೆ ವಿಷ. ಜೊತೆಗೆ ಕೈಯಲ್ಲಿ ತಿನ್ನಿಸೋಕೆ ಶುರು ಮಾಡಿದ್ರೆ ಬೇಲಿ ಹತ್ರ ಎರಡೂ ಬರ್ತಾವೆ, ಜೋರಿರೋದು ಇನ್ನೊಂದನ್ನ ಕಚ್ಚಿ ಓಡಿಸುತ್ತೆ, ಏಟು ತಿಂದಿದ್ದು ಬೇಲಿ ಮೇಲೆ ಬೀಳುತ್ತೆ. ಯಜಮಾನ್ರು ಹೂಂ ಅಂದ್ರೆ ಕ್ಯಾರೆಟ್ ಉದ್ದುದ್ದಕ್ಕೆ ಸೀಳಿ, ಗುಂಡಗೆ ಬಿಲ್ಲೆ ಮಾಡಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಎರಡು ಬಕೆಟ್ಟಲ್ಲಿ ದೂರ ದೂರ ಇಡಿ.

ಮಲಗಿದ ವಿಷಯ. ನಿಂತೇ ತೂಕಡಿಸ್ತಾವೆ ನಿಜ, ಆದ್ರೆ ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಸ್ವಲ್ಪ ಹೊತ್ತು ಸಾಕು, ಅಷ್ಟು ಹೊತ್ತು ಜೊತೆಗಾರ ನಿಂತು ಕಾಯೋದೂ ಉಂಟು. ಅವು ನಿಮ್ಮ ಕಣ್ಣ ಮುಂದೆ ಹಾಗೆ ಮಲಗೋದು ನಿಶ್ಚಿಂತೆ ಇದೆ ಅನ್ನೋ ಲಕ್ಷಣ. ಚಿಂತೆ ಮಾಡಬೇಕಾದ್ದು ಬೇರೆ: ಮಲಗಿ ಎದ್ದು ಮತ್ತೆ ಮಲಗಿ ಹೊರಳೋದು, ತಿರುಗಿ ತಿರುಗಿ ಹೊಟ್ಟೆ ನೋಡ್ಕೊಳ್ಳೋದು, ನೆಲ ಕೆರೆಯೋದು, ಮೇವು ಬಿಡೋದು, ಸೆಗಣಿ ಹಾಕದೆ ಇರೋದು. ಹೊಟ್ಟೆನೋವು ಅದು, ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಗಂಟೆ ಲೆಕ್ಕದಲ್ಲಿ ಜೀವಕ್ಕೆ ಬರುತ್ತೆ. ಯಜಮಾನ್ರ ಫೋನ್ ನಂಬರ್ ಇವತ್ತೇ ಇಸ್ಕೊಂಡಿಟ್ಕೊಳ್ಳಿ. ನಿಮ್ಮ ಲಾನ್ ಕತ್ತರಿಸಿದ ಹುಲ್ಲನ್ನ ಪ್ರೀತಿಯಿಂದ ಬೇಲಿ ಆಚೆ ಹಾಕಬೇಡಿ, ರಾಶಿ ಬಿದ್ದ ಹುಲ್ಲು ಬೇಗ ಬಿಸಿಯಾಗಿ ಹುಳಿಯುತ್ತೆ, ಅದನ್ನ ಗಬಗಬ ತಿಂದ್ರೆ ಹೊಟ್ಟೆ ಕೆಡುತ್ತೆ. ಬೇಲಿ ಸಾಲಲ್ಲಿ ಏನೇನು ಗಿಡ ಇದೆ ಅಂತಾನೂ ನೋಡಿ, ಕಣಗಿಲೆ ಕೆಲವೇ ಎಲೆ ಸಾಕು ಕುದುರೆ ಸಾಯೋಕೆ.

ಬೇಲಿಪಕ್ಕದೋಳು:
ಅಯ್ಯೋ ಕಣಗಿಲೆ ಇದೆ ಮೇಡಂ! ಬೇಲಿಯಿಂದ ಒಂದು ಮಾರು ಈಚೆ, ಹೂ ಚೆನ್ನಾಗಿದೆ ಅಂತ ನಾನೇ ಬೆಳೆಸಿದ್ದು. ಇವತ್ತೇ ಕಡಿಸ್ತೀನಿ. ಕಡಿದ ಮೇಲೆ ಅಲ್ಲೇ ಒಣಗೋಕೆ ಬಿಟ್ರೆ ಸಾಕಾ?

ಹುಲ್ಲುಗಾವಲು:
ಬೇಡ, ಒಣಗಿದ್ರೂ ವಿಷ ಹೋಗಲ್ಲ. ಹಸಿ ಎಲೆ ಕಹಿ ಅಂತ ಮುಟ್ಟದೆ ಇರೋ ಕುದುರೆ ಒಣಗಿದ ಎಲೆ ಮೇವಿನ ಜೊತೆ ಸೇರಿದ್ರೆ ತಿಂದ್ಬಿಡುತ್ತೆ. ಗ್ಲೌಸ್ ಹಾಕ್ಕೊಂಡು ಒಂದೊಂದು ಎಲೆನೂ ಗುಡಿಸಿ ಚೀಲಕ್ಕೆ ತುಂಬಿ ದೂರ ಸಾಗಿಸಿ, ಸುಡಬೇಡಿ, ಹೊಗೆನೂ ಕೆಟ್ಟದ್ದು. ಗಾಳಿಗೆ ಆಚೆ ಹಾರಿರೋ ಎಲೆ ಇರುತ್ತೆ, ಯಜಮಾನ್ರಿಗೆ ಹೇಳಿ ಕುದುರೆಗಳನ್ನ ಆ ಮೂಲೆಯಿಂದ ದೂರ ಕಟ್ಟಿಸಿ, ಆಮೇಲೆ ಇಬ್ರೂ ಸೇರಿ ಆರಿಸಿ.