ನೀಲಗಿರಿ ಬೊಡ್ಡೆ ಕೆಳಗೆ ಸಿಕ್ಕ ಕಲ್ಲು: ನಮ್ಮ ಮನೆ ಗುಂಪಿನ ಜಗಳ

(ಗುಂಪಿನ ಹೆಸರು 'ದೊಡ್ಡಮನೆ ಬಳಗ', ಶ್ರೀನಿವಾಸಪುರ ತಾಲ್ಲೂಕು. ಹೂವಿನ ಶುಭೋದಯಗಳನ್ನೂ ಹೊಸಕೋಟೆ ಹತ್ತಿರದ ಒಂದು ಸೈಟಿನ ಜಾಹೀರಾತನ್ನೂ ತೆಗೆದು ಉಳಿದಿದ್ದನ್ನು ಇಲ್ಲಿ ಹಾಕಿದ್ದೇನೆ.)

ಕಿರಣ: [ಫೋಟೊ]

ಕಿರಣ: ನಮ್ಮ ಹಳೇ ಹೊಲದಲ್ಲಿ ಈಗಿನ ಓನರು ನೀಲಗಿರಿ ಬೊಡ್ಡೆ ಕೀಳಿಸ್ತಾವ್ರೆ. ಬದುವಿನ ಹತ್ರ ಜೆಸಿಬಿಗೆ ಈ ಕಲ್ಲು ಸಿಕ್ಕೈತೆ. ಮೇಲೆ 'ಧಾತು ಸಂ' ಅಂತ ಐತೆ. ಕೆಳಗೆ 'ಮುನಿ', ಅಲ್ಲಿಂದ ಚಕ್ಕೆ ಎದ್ದೋಗೈತೆ. ಮೂರನೇ ಸಾಲಲ್ಲಿ 'ಕೋ' ಅಂತ ಏನೋ ಕಾಣ್ತದೆ.

ದೊಡ್ಡಪ್ಪ: ಇದು ನಮ್ಮ ಮೂಲಪುರುಷರ ಸಮಾಧಿ. ಅನುಮಾನವೇ ಬೇಡ. ನಾನು ಚಿಕ್ಕೋನಿದ್ದಾಗ ಹೆಳವರು ಎತ್ತಿನ ಮೇಲೆ ಬಂದು ಗಂಟೆ ಬಾರಿಸಿ ವಂಶ ಹೇಳೋರು. ಮೊದಲ ಹೆಸರೇ ಮುನಿಯಪ್ಪ. ಧಾತು ಈಶ್ವರ ಬರದಲ್ಲಿ ತೀರ್ಕೊಂಡ್ರು. 'ಕೋ' ಅಂದ್ರೆ ಕೋಲಾರ. ಮಾಳಯ ಅಮಾವಾಸ್ಯೆ ಒಳಗೆ ಹಳೇ ಕಲ್ಲು ತೆಗೆಸಿ ಗ್ರಾನೈಟ್ ಹಾಕ್ಸಿ ಮಂಟಪ ಕಟ್ಟಿಸೋಣ. ಮನೆಗೆ ಐದು ಸಾವಿರ.

ಚೇತು: ಸೂಪರ್ ತಾತ. ಗೂಗಲ್ ಪೇ ನಂಬರ್ ಹಾಕಿ.

ನಾನು: ದೊಡ್ಡಪ್ಪ, ಒಂದು ನಿಮಿಷ. ಧಾತು ಸಂವತ್ಸರ ಅರವತ್ತು ವರ್ಷಕ್ಕೊಂದ್ಸಲ ಬರುತ್ತೆ. ನೀವು ಹೇಳೋ ಬರದಲ್ಲಿ, 1876-77ಕ್ಕೆ ಬಂದಿತ್ತು, 1936-37ಕ್ಕೆ ಇನ್ನೊಂದ್ಸಲ ಬಂತು. ಕಲ್ಲಿನ ಮೇಲೆ ಶಕ ವರ್ಷ ಇಲ್ಲ. ಬರದ ಕಾಲದ್ದೇ ಅಂತ ಹೇಗೆ ಹೇಳ್ತೀರ?

ಕೆಜಿಎಫ್ ಅತ್ತೆ: ಅದಿರಲಿ, 'ಮುನಿ' ಅಂತ ಶುರುವಾಗದ ಗಂಡಸು ನಮ್ಮನೇಲಿ ಯಾರಿದ್ರು ಹೇಳಿ? ಮುನಿಯಪ್ಪ, ಮುನಿವೆಂಕಟಪ್ಪ, ಮುನಿಶಾಮಪ್ಪ. ಕೋಲಾರದ ಸಂತೇಲಿ 'ಮುನೀ' ಅಂತ ಕೂಗಿದ್ರೆ ಅರ್ಧ ಸಂತೆ ತಿರುಗಿ ನೋಡುತ್ತೆ.

ದೊಡ್ಡಪ್ಪ: ಹೆಳವರು ತಲೆಮಾರುಗಳಿಂದ ಹೇಳ್ಕೊಂಡು ಬಂದದ್ದು ಸುಳ್ಳಾ? ಕಾಲೇಜು ಓದಿದ್ದಕ್ಕೆ ಹಿರೀಕರ ಮಾತೆಲ್ಲ ಸುಳ್ಳು ಆಗಲ್ಲ ಕಣಮ್ಮ.

ನಾನು: ಸುಳ್ಳು ಅಂದಿಲ್ಲ ದೊಡ್ಡಪ್ಪ. ಮುನಿಯಪ್ಪನವರು ಬರದಲ್ಲಿ ತೀರ್ಕೊಂಡಿರಬಹುದು. ಆದ್ರೆ ಈ ಕಲ್ಲು ಅವರದ್ದಾ ಅನ್ನೋದು ಬೇರೆ ಮಾತು. 1871ರ ಜನಗಣತೀಲಿ ಮೈಸೂರು ಸೀಮೇಲಿ 50 ಲಕ್ಷ ಚಿಲ್ಲರೆ ಜನ ಇದ್ರು. 1881ಕ್ಕೆ 42 ಲಕ್ಷದ ಹತ್ರ ಇಳಿದಿತ್ತು. ಊರಿಗೂರೇ ಗುಳೆ ಹೋಗಿದ್ದ ವರ್ಷ ಅದು. ಮಣ್ಣು ಮಾಡೋಕೆ ನಾಲ್ಕು ಜನ ಸಿಗದ ಕಾಲದಲ್ಲಿ ಕಲ್ಲುಕುಟಿಗರನ್ನ ಕರೆಸಿ ಅಕ್ಷರ ಕೆತ್ತಿಸೋಕೆ ಯಾರ ಹತ್ರ ರಾಗಿ ಇತ್ತು?

ಕಿರಣ: ಬರ ಮುಗಿದ ಮೇಲೆ ಮಕ್ಕಳು ಕೆತ್ತಿಸಿರಬಹುದಲ್ಲಕ್ಕ?

ನಾನು: ಇರಬಹುದು. ಅದಕ್ಕೇ ಕಾಗದ ನೋಡೋಣ ಅಂತಿರೋದು. ಮೂರ್ತಿ ಚಿಕ್ಕಪ್ಪ, ಟ್ರಂಕಲ್ಲಿ ಹಳೇ ಕ್ರಯಪತ್ರ ಇತ್ತಲ್ವಾ?

(ಚಿಕ್ಕಪ್ಪ ಸರ್ವೆ ಇಲಾಖೆಯಲ್ಲಿ ಇದ್ದು ರಿಟೈರ್ ಆದವರು. ಗುಂಪಿನಲ್ಲಿ ಬಾಯಿ ಬಿಡುವುದು ಅಪರೂಪ, ಬಿಟ್ಟರೆ ಪ್ರವಚನ.)

ಮೂರ್ತಿ ಚಿಕ್ಕಪ್ಪ: ಇದೆ. 1921ರದ್ದು. ಕೊಂಡವರು 'ಮುನಿವೆಂಕಟಪ್ಪ ಬಿನ್ ಲೇಟ್ ಮುನಿಯಪ್ಪ'. ಅಂದ್ರೆ ಮುನಿಯಪ್ಪನವರು 1921ಕ್ಕೆ ಮುಂಚೆನೇ ಇಲ್ಲ. 1944ರ ಇನ್ನೊಂದು ಪತ್ರಕ್ಕೆ ಮುನಿವೆಂಕಟಪ್ಪನವರದೇ ಹೆಬ್ಬೆಟ್ಟು ಇದೆ. ಹಂಗಾಗಿ 1936ರಲ್ಲಿ ಅವರು ಬದುಕಿದ್ರು, ಕಲ್ಲು ಅವರದ್ದಲ್ಲ. ಇನ್ನು ಸಾವಿನ ದಾಖಲೆ ಹುಡುಕ್ತೀನಿ ಅಂದ್ರೆ ಸುಲಭ ಅಲ್ಲ. ಈಗಿನ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಕ್ಕೆ ಮುಂಚಿನದು ಪಟೇಲರು ಬರೆದಿಟ್ಟಿದ್ದು, ಉಳಿದಿದ್ರೆ ಉಂಟು. ಪಹಣೀಲೂ ಏನೂ ಸಿಗಲ್ಲ. ಊರ ಸ್ಮಶಾನ ಆದ್ರೆ ಬಿ ಖರಾಬು, ಅಂದ್ರೆ ಉಳುಮೆಗಲ್ಲದ ಸಾರ್ವಜನಿಕ ಜಾಗ ಅಂತ ಬಿಟ್ಟಿರ್ತಾರೆ. ಸ್ವಂತ ಹೊಲದಲ್ಲಿ ಮಣ್ಣು ಮಾಡಿದ್ದನ್ನ ಯಾವ ನಕ್ಷೇಲೂ ತೋರಿಸಲ್ಲ. ನಮ್ಮೋರೆಲ್ಲ ಹೊಲದಲ್ಲೇ ಮಲಗವ್ರೆ.

ದೊಡ್ಡಪ್ಪ: ನೋಡಿದ್ರಾ? ಮುನಿವೆಂಕಟಪ್ಪನದ್ದು ಅಲ್ಲ ಅಂದಮೇಲೆ ಮುನಿಯಪ್ಪನದ್ದೇ. ನಾನು ಹೇಳಿದ್ದೂ ಅದೇ.

ಕೆಜಿಎಫ್ ಅತ್ತೆ: ಇಲ್ಲಿ ಕೆಜಿಎಫಲ್ಲಿ ಗಣಿಗೆ ಬಂದಿದ್ದ ದೊರೆಗಳ ಗೋರಿ ಮೇಲೆ ಹೆಸರು, ತಾರೀಕು, ವಯಸ್ಸು ಎಲ್ಲ ಇರುತ್ತೆ. ಚರ್ಚಲ್ಲಿ ಪುಸ್ತಕ ಬೇರೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಿದ್ದು, ಅಲ್ಲಿಂದ ಈಚಿನೋರು ಎಲ್ಲೆಲ್ಲಿ ಮಲಗವ್ರೆ ಅಂತ ಹುಡುಕಬಹುದು. ನಮ್ಮ ಹಿರೇರು ಮಾತ್ರ ನೀಲಗಿರಿ ಬೊಡ್ಡೆ ಕೆಳಗೆ. ಹೊಲ ಮಾರುವಾಗ ಸಮಾಧಿ ಜಾಗ ಎರಡು ಗುಂಟೆ ಬಿಟ್ಕೊಂಡು ಮಾರಬೇಕು ಅಂತ ಯಾರಿಗೂ ನೆನಪಾಗಲಿಲ್ಲ.

ದೊಡ್ಡಪ್ಪ: ಅದು ನನಗೇ ಅಂತ ಗೊತ್ತು. ಆವತ್ತು ನಿನ್ನ ಪಾಲಿನ ದುಡ್ಡು ಈಸ್ಕೊಂಡಾಗ ಎರಡು ಗುಂಟೆ ನೆನಪಾಗಲಿಲ್ವಾ?

(ಇಲ್ಲಿ ಇಬ್ಬರದೂ ಡಿಲೀಟ್ ಆದ ಮೆಸೇಜುಗಳಿವೆ. ನಾನು ಓದಿದ್ದೇನೆ, ಹೇಳುವುದಿಲ್ಲ.)

ಕಿರಣ: ಅಪ್ಪಾ, ಅತ್ತೆ, ಬುಡಿ ಈಗ. ಬೆಳಗ್ಗೆ ಹೋಗಿ ತಂತಿ ಬ್ರಷಲ್ಲಿ ಉಜ್ಜಿ, ಆಸಿಡ್ ಹಾಕಿ ತೊಳೆದು, ಅಕ್ಷರಕ್ಕೆ ಹಳದಿ ಪೇಂಟ್ ತುಂಬಿಸ್ತೀನಿ. ಆಗ ಸರಿಯಾಗಿ ಓದಬಹುದು.

ನಾನು: ಬೇಡ ಕಿರಣ! ತಂತಿ ಬ್ರಷ್, ಆಸಿಡ್, ಪೇಂಟ್ ಮೂರೂ ಬೇಡ. ಉಳಿದಿರೋ ಅಕ್ಷರವೂ ಹೋಗುತ್ತೆ. ಪೇಂಟ್ ಹಾಕಿದ್ರೆ ನೀನು ಓದಿದ್ದೇ ಅಕ್ಷರ ಆಗಿಬಿಡುತ್ತೆ, 'ನಿ'ಗೆ ಒಂದು ಗೆರೆ ಹೆಚ್ಚು ಎಳೆದ್ರೆ ಮುಗೀತು. ಬರೀ ನೀರು, ಮೆತ್ತನೆ ಬ್ರಷ್. ಮಣ್ಣು ನೆನೆಯೋಕೆ ಬಿಟ್ಟು ನಿಧಾನಕ್ಕೆ ತೊಳಿ. ಆಮೇಲೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕಕ್ಕೆ, ಮೈಗೆ ತಾಗಿಸಿದ ಹಾಗೆ ಹಿಡಿದು ಫೋಟೊ ತೆಗಿ. ಎದುರಿಂದ ಬೆಳಕು ಬಿದ್ರೆ ಕಲ್ಲು ಚಪ್ಪಟೆ ಕಾಣುತ್ತೆ. ಪಕ್ಕದಿಂದ ಬಿದ್ರೆ ಉಳಿ ಏಟೆಲ್ಲ ನೆರಳಲ್ಲಿ ಎದ್ದು ಬರುತ್ತೆ. ಕಲ್ಲು ಈಗ ಬಿದ್ದಿರೋ ಜಾಗದ ಲೊಕೇಶನ್ನೂ ಹಾಕು. ಜೆಸಿಬಿ ಅವನು ಕದಲಿಸದೆ ಇದ್ದಿದ್ರೆ ತಲೆ ಯಾವ ದಿಕ್ಕಿಗಿತ್ತು ಅಂತನೂ ಗೊತ್ತಾಗ್ತಿತ್ತು.

ಚೇತು: ಅಕ್ಕ ಸಿಐಡಿ.

ಕಿರಣ: [ಫೋಟೊ] [ಫೋಟೊ] ಟಾರ್ಚ್ ಹಿಡಿದು ತೆಗೆದಿದ್ದು. ಓನರು ಮಂಗಳವಾರ ತನಕ ಆ ಕಡೆ ಜೆಸಿಬಿ ಬಿಡಲ್ಲ ಅಂದ್ರು.

ಮೂರ್ತಿ ಚಿಕ್ಕಪ್ಪ: ಮೂರನೇ ಸಾಲು ದೊಡ್ಡದು ಮಾಡಿ ನೋಡಿ. 'ಕೋ' ಪಕ್ಕ ಸೊನ್ನೆ ಇದೆ.

ನಾನು: ಹೌದು! ಕೋಂ. ಕೋಲಾರ ಅಲ್ಲ. ಚಿಕ್ಕಪ್ಪ, ನಿಮ್ಮ ಪತ್ರಗಳಲ್ಲಿ ಹೆಂಗಸರಿಗೆ ಹೀಗೇ ಅಲ್ವಾ ಬರೆಯೋದು? ಮಗನಿಗೆ ಬಿನ್, ಹೆಂಡತಿಗೆ ಕೋಂ.

ಮೂರ್ತಿ ಚಿಕ್ಕಪ್ಪ: ಅದೇ. ಇಂಥೋಳು ಕೋಂ ಇಂಥೋನು. ಹಂಗಾದ್ರೆ ಇದು ಮುನಿಯಪ್ಪ ಅಲ್ಲ, ಮುನಿಯಮ್ಮ.

ದೊಡ್ಡಪ್ಪ: ಆ ಕಾಲದಲ್ಲಿ ಹೆಂಗಸರಿಗೆ ಯಾರು ಕಲ್ಲು ಕೆತ್ತಿಸ್ತಿದ್ರು? ಚಕ್ಕೆ ಎದ್ದಿರೋ ಗುರುತು ಅದು.

ಕೆಜಿಎಫ್ ಅತ್ತೆ: ಅಮ್ಮನ್ನ ಕೇಳಿದೆ. [ಧ್ವನಿ ಸಂದೇಶ]

(ಅಜ್ಜಿಯ ಮಾತು, ಕೇಳಿಸಿದಷ್ಟು ಬರೆದುಕೊಂಡಿದ್ದೇನೆ. ನಡುವೆ ಕೋಳಿ ಓಡಿಸಿದ್ದನ್ನು ಬಿಟ್ಟಿದ್ದೇನೆ.)

ಅಜ್ಜಿ: 'ಬದಿನ್ ಮೇಲಿನ ಕಲ್ಲಾ? ಹುಣಿಸೆ ಮರ ಇತ್ತಲ್ಲ ಅದರ ಕೆಳಗೆ? ಅದು ಗಂಡಸರದ್ದಲ್ಲ ಕಣ್ರೋ. ನಾನು ಈ ಮನೆ ಸೊಸೆಯಾಗಿ ಬಂದಾಗ ನಮ್ಮತ್ತೆ ಮಾಳಯ ಅಮಾಸೆಗೆ ನನ್ನ ಕರ್ಕೊಂಡೋಗೋರು. ಮಿಕ್ಕಿದ ಗೋರಿಗೆಲ್ಲ ಪಂಚೆ ಇಡೋರು, ಅದಕ್ಕೊಂದಕ್ಕೆ ಸೀರೆ, ಕುಪ್ಪಸ, ಬಳೆ. ಎಡೆಗೆ ಅವರೇಕಾಳು ಇರಲೇಬೇಕು, ಅವರಿಗೆ ಇಷ್ಟ ಅಂತ. ಇವರು ನಮ್ಮತ್ತೆ, ನನಗೆ ಮುದ್ದೆ ಕಟ್ಟೋದು ಕಲಿಸಿದೋರು, ಮುತ್ತೈದೆಯಾಗಿ ಹೋದ್ರು ಅನ್ನೋರು. ಹೆಸರು ಹೇಳ್ತಿರಲಿಲ್ಲ, ಅತ್ತೆ ಹೆಸರು ಹೇಳಬಾರದು.'

ನಾನು: ಅಜ್ಜಿಯ ಅತ್ತೆಗೆ ಅತ್ತೆ ಅಂದ್ರೆ ಮುನಿವೆಂಕಟಪ್ಪನವರ ಹೆಂಡತಿ. ಅವರು ಮುತ್ತೈದೆಯಾಗಿ ಹೋಗಿದ್ರೆ ಗಂಡ ಆಗ ಬದುಕಿರಬೇಕು. 1944ರ ಹೆಬ್ಬೆಟ್ಟಿಗೆ ತಾಳೆ ಆಗುತ್ತೆ. ಸೊಸೆಗೆ ಮುದ್ದೆ ಕಟ್ಟೋದು ಕಲಿಸಿದೋರು 1876ರಲ್ಲಿ ಸತ್ತಿರೋಕೆ ಸಾಧ್ಯ ಇಲ್ಲ. 1936-37ರ ಧಾತು.

ದೊಡ್ಡಪ್ಪ: ಅಮ್ಮನಿಗೆ ವಯಸ್ಸಾಗಿದೆ. ನಿನ್ನೆ ತಿಂದಿದ್ದು ನೆನಪಿರಲ್ಲ.

ಕೆಜಿಎಫ್ ಅತ್ತೆ: ನಿನ್ನೆಯದು ನೆನಪಿಲ್ಲ, ಸೊಸೆಯಾಗಿ ಬಂದ ವರ್ಷದ್ದು ಎಲ್ಲ ನೆನಪಿದೆ. ಅದನ್ನೇ ಅಲ್ವಾ ನೀನು ಕೇಳಬೇಕಾಗಿದ್ದು. ಹೆಳವರು ಬಂದಾಗ ಗಂಡಸರ ಹೆಸರು ಹೇಳಿಸಿಕೊಂಡ್ರಿ, ಅಮ್ಮನ್ನ ಒಂದು ದಿನ ಕೂರಿಸಿ ಕೇಳಿದ್ರಾ?

ದೊಡ್ಡಪ್ಪ: ನಾನು ಗ್ರಾನೈಟಿಗೆ ಅಡ್ವಾನ್ಸ್ ಕೊಟ್ಟಾಗಿದೆ.

ಚೇತು: ತಾತ, ಕೆತ್ತಿದ್ದಾರಾ?

ದೊಡ್ಡಪ್ಪ: ಇನ್ನೂ ಇಲ್ಲ. 'ಮೂಲಪುರುಷ' ಅಂತ ಬರೆದುಕೊಟ್ಟಿದ್ದೀನಿ.

ಮೂರ್ತಿ ಚಿಕ್ಕಪ್ಪ: ಕೆತ್ತೋದು ನಿಲ್ಲಿಸಿ ಅಣ್ಣ. ಹಳೇ ಕಲ್ಲೂ ಅಲ್ಲೇ ಇರಲಿ. ಮೊದಲ ಸಾಲಲ್ಲಿ ಸಂವತ್ಸರ ಆದಮೇಲೆ ಮಾಸ, ತಿಥಿ ಇರಬೇಕು. ಜೊತೆಗೆ ವಾರನೂ ಸಿಕ್ಕಿದ್ರೆ ಪಂಚಾಂಗದಲ್ಲಿ ಎರಡೂ ಧಾತು ಹಾಕಿ ನೋಡ್ತೀನಿ. ತಿಥಿ ವಾರ ಎರಡು ವರ್ಷಕ್ಕೂ ಹೊಂದೋದು ಕಷ್ಟ. ಆಗ ನೀನೂ ಒಪ್ಕೋ, ಇವಳೂ ಒಪ್ಕೊಳ್ಳಲಿ.

ನಾನು: ಒಪ್ಪಿದೆ.

ದೊಡ್ಡಪ್ಪ: ವಾರ ಸಿಕ್ಕಲಿ, ನೋಡೋಣ.

ಕಿರಣ: ನಾಳೆ ಭಾನುವಾರ ಸಂಜೆ ಯಾರ್ಯಾರು ಬರ್ತೀರ? ಟಾರ್ಚ್ ಇನ್ನೊಂದು ಬೇಕು. ಚಿಕ್ಕಪ್ಪ, ಓನರ್ ಹತ್ರ ನೀವೇ ಮಾತಾಡಿ. ಸಮಾಧಿ ಅಂದ್ರೆ ಜಾಗ ಕೇಳೋಕೆ ಬಂದವ್ರೆ ಅಂತ ಅವರಿಗೆ ಭಯ.

ಮೂರ್ತಿ ಚಿಕ್ಕಪ್ಪ: ಜಾಗ ಬೇಡ, ವರ್ಷಕ್ಕೊಂದು ದಿನ ಎಡೆ ಇಡೋಕೆ ಬಿಟ್ರೆ ಸಾಕು ಅಂತ ಬರೆದೇ ಕೊಡ್ತೀನಿ.

ಕೆಜಿಎಫ್ ಅತ್ತೆ: ಐದೂವರೆ ಬಸ್ಸಿಗೆ ಬರ್ತೀನಿ. ಅಮ್ಮನೂ ಬರ್ತಾಳಂತೆ. ಕಾರು ಯಾರು ತರ್ತೀರ?

ದೊಡ್ಡಪ್ಪ: ನಾನು ತರ್ತೀನಿ. ಬಸ್ ಸ್ಟ್ಯಾಂಡಲ್ಲೇ ಇರಿ.