ಸಹಾಯ ಬೇಕು: 12×36 ಆಲ್ಬಂಗೆ ಅಡ್ಡ ಪೋರ್ಟ್ರೇಟ್
ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಮದುಮಗಳ ಅಡ್ಡ ಪೋರ್ಟ್ರೇಟ್ ತೆಗೆಯೋದಿದೆ. ಆಲ್ಬಂನ ಎದುರುಬದುರಿನ ಎರಡು ಪುಟ (ಬಿಡಿಸಿದರೆ 12×36 ಇಂಚು) ತುಂಬಬೇಕು. ತೊಡಕು ಇಷ್ಟೇ: ಕ್ಯಾಮೆರಾ ಫ್ರೇಮ್ 3:2, ಹಾಳೆ 3:1, ಅಂದರೆ ಎತ್ತರದಲ್ಲಿ ಅರ್ಧ ಕತ್ತರಿಗೆ ಹೋಗುತ್ತೆ. ತಲೆಯ ಮಲ್ಲಿಗೆಯಿಂದ ಸೊಂಟದವರೆಗೆ ಎಲ್ಲ ಫ್ರೇಮಿನ ನಡುವಿನ ಅರ್ಧದೊಳಗೇ ಕೂರಬೇಕು. ಮುಖ ಎಡಕ್ಕೆ, ನೋಟ ಬಲಕ್ಕೆ. ನಡುವೆ ಇಟ್ಟರೆ ಮಡಿಕೆ ಮೂಗಿನ ಮೇಲೇ ಬರುತ್ತೆ!

85 ಎಂಎಂ ಲೆನ್ಸ್, ಎಫ್2 ಅಪರ್ಚರ್‌ನಲ್ಲಿ ಹಿಂದಿನ ಸಿಲ್ವರ್ ಓಕ್ ಮರದ ಕಾಂಡಗಳೇನೋ ಮಸುಕಾಗುತ್ತವೆ, ಎಲೆಸಂದಿನ ಬಿಸಿಲು ಮಾತ್ರ ಖಾಲಿ ಬಲಭಾಗದಲ್ಲಿ ಬಿಳಿ ಬಿಲ್ಲೆಗಳಾಗಿ ಕಣ್ಣು ಚುಚ್ಚುತ್ತೆ. ಮೋಡದ ಹೊತ್ತಿಗೆ ಕಾಯೋದೇ ಗತಿಯಾ?

ಇನ್ನೊಂದು, 6000 ಪಿಕ್ಸೆಲ್ ಅಗಲವನ್ನು 36 ಇಂಚಿಗೆ ಹರಡಿದರೆ ಇಂಚಿಗೆ ಸುಮಾರು 167 ಮಾತ್ರ. ಪ್ರಿಂಟ್ ಲ್ಯಾಬಿಗೆ ಸಾಕಾ, ಇಲ್ಲ ಮೂರು ಉದ್ದ ಫ್ರೇಮ್ ತೆಗೆದು ಜೋಡಿಸೋದಾ? ಗಾಳಿಗೆ ಎಲೆ ಅಲ್ಲಾಡಿದರೆ ಜೋಡಣೆ ಎದ್ದು ಕಾಣುತ್ತೆ. ಮಾಡಿ ನೋಡಿದವರು ತಿಳಿಸಿ, ನಾಡಿದ್ದೇ ಶೂಟ್.